ಹುಲಗೆಮ್ಮನ ಹನ್ನೊಂದು ಹಾಡು

ಮೂರನೆಯ ಸಲವೂ ಹಾಡುಗಳು ಮಾಯವಾದಾಗ ಗದ್ದೆಯಲ್ಲಿದ್ದ ಹೆಂಗಸರೆಲ್ಲ ಸಸಿ ಹಚ್ಚುವುದನ್ನು ಬಿಟ್ಟು ಬದುವಿಗೆ ಬಂದರು. ಹೇಮಾವತಿ ಅಂಗೈಯಗಲದ ಆ ಹಾಡಿನ ಡಬ್ಬಿಯನ್ನು ಕಿವಿಗೆ ಹಿಡಿದಳು, ಕೊಡವಿದಳು, ಸೀರೆಯ ಮೇಲೆ ತೊಟ್ಟಿದ್ದ ಗಂಡನ ಹಳೆಯ ಅಂಗಿಯ ತುದಿಯಿಂದ ಒರೆಸಿ ಮತ್ತೆ ಚಾಲೂ ಮಾಡಿದಳು. ಪುಟ್ಟ ಪರದೆಯ ಮೇಲೆ ಸೊನ್ನೆ. ನಿನ್ನೆ ಸಂಜೆ ಫೋನಿನಿಂದ ವೈರು ಹಚ್ಚಿ ಹನ್ನೊಂದು ಹಾಡು ತುಂಬಿಸಿದ್ದಳು. ಬೆಳಿಗ್ಗೆ ಎಲ್ಲರೂ ಕೇಳಿದ್ದರು. ಬುತ್ತಿ ಬಿಚ್ಚಿ ಉಂಡು ಕೈ ತೊಳೆಯುವಷ್ಟರಲ್ಲಿ ಒಂದೂ ಇಲ್ಲ.

"ಬಿಸಲಿಗಿ ಕಾದು ಕರಗಿರಬೇಕವಾ," ಎಂದಳು ದ್ರಾಕ್ಷಾಯಿಣಿ.

"ಕರಗಾಕ ಹಾಡೇನು ಬೆಲ್ಲ ಐತೇನ? ಟಂಟಂನ್ಯಾಗ ಬರೋಮುಂದ ಟಾವರ್ ಕೆಳಗ ಹಾದು ಬಂದ್ವೆಲ್ಲ, ಅದು ಎಳಕೊಂಡೈತಿ," ಎಂದಳು ರೇಣುಕಮ್ಮ. ಗುಂಪಿನಲ್ಲಿ ಅವಳಿಗೆ ತಿಳಿಯದ ವಿಷಯವೇ ಇಲ್ಲ. ಯಾವುದಕ್ಕೂ ಒಂದು ಕಾರಣ ಅವಳ ಸೆರಗಿನಲ್ಲಿ ಕಟ್ಟಿಕೊಂಡೇ ಇರುತ್ತದೆ.

"ಟಾವರ್ ಎಳಕೊಂಡಿದ್ರ ಬೆಳಿಗ್ಗೆ ಹೆಂಗ ಹಾಡತಿತ್ತು?" ಹೇಮಾವತಿಗೆ ಅಳು ಬರುವಂತಾಗಿತ್ತು. "ಚಿಗವ್ವ, ನೀ ಇಲ್ಲೇ ಕುಂತಿದ್ದೆಲ್ಲ. ಯಾರರ ಮುಟ್ಟಿದ್ರೇನು?"

ಚಿಗವ್ವ ಅಂದರೆ ಚಿಕ್ಕಮ್ಮ; ಹಾಗೆ ಕರೆಸಿಕೊಂಡವಳು ಹಂಪವ್ವ. ಬದುವಿನ ಮೇಲೆ ಕಾಲು ಚಾಚಿ, ಕಡೆಯ ತುಣುಕು ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಳ್ಳುತ್ತ ಕುಳಿತಿದ್ದಳು. "ನನಗೇನ ಗೊತ್ತವಾ? ಆ ಡಬ್ಬಿ ಸಪ್ಪಳಕ್ಕ ನನ್ನ ತಲಿ ನೋಯತೈತಿ ಅಂತ ಆಗಳೇ ಹೇಳೀನಿ. ನಾ ಯಾಕ ಅದರ ಕಡೆ ನೋಡಲಿ?" ಎಂದಳು. ಎಂಥ ಮುಖ ಅನ್ನುತ್ತೀರಿ! ಆಗತಾನೇ ಗುಡಿಯಿಂದ ಬಂದವರ ಮುಖ.

ಮುಚ್ಚಿಟ್ಟು ಏನಾಗಬೇಕಿದೆ, ಈಗಲೇ ಹೇಳಿಬಿಡುವುದು ಒಳ್ಳೆಯದು. ಅಳಿಸಿದವಳು ಅವಳೇ. ಮೂರು ಸಲವೂ ಅವಳೇ.

ಅದು ಏಕೆಂದು ತಿಳಿಯಬೇಕಾದರೆ ಬದುವಿನ ಸಾಲಿನ ಸಂಗತಿ ತಿಳಿಯಬೇಕು. ಹೇಮಗುಡ್ಡದ ಕಡೆಯ ಆ ಊರಿನಿಂದ ಗಂಗಾವತಿ ಸುತ್ತಿನ ಕ್ಯಾಂಪು ಎನ್ನುವ ಗದ್ದೆಯೂರುಗಳಿಗೆ ನಾಟಿಗೆ ಹೋಗುವ ಹೆಂಗಸರ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ಒಂದೇ ಗೆರೆಯಲ್ಲಿ ಬಗ್ಗಿ ಸಸಿ ಹಚ್ಚುತ್ತ ಹಿಂದಕ್ಕೆ ಸರಿಯುತ್ತಾರೆ. ಬಲಗಡೆಯ ಬದುವಿಗೆ ಹತ್ತಿದ ಮೊದಲನೆಯ ಸಾಲು ಹಾಡು ಎತ್ತುವವಳದು. ಅವಳು ಎತ್ತುತ್ತಾಳೆ, ಉಳಿದವರು ಹಿಡಿಯುತ್ತಾರೆ. ಅವಳ ಹಾಡು ಎಷ್ಟು ಜೋರೋ ಎಲ್ಲರ ಕೈಯೂ ಅಷ್ಟೇ ಜೋರು. ಗದ್ದೆಯ ಮಾಲೀಕ ಬಂದರೂ ಮೊದಲು ಮಾತಾಡಿಸುವುದು ಅವಳನ್ನೇ. ಚಹಾ ಬಂದರೆ ಮೊದಲ ಲೋಟ ಅವಳಿಗೇ.

ಇಪ್ಪತ್ತೆರಡು ವರ್ಷ ಆ ಸಾಲು ಹುಲಗೆಮ್ಮನದಾಗಿತ್ತು. ಹುಲಗೆಮ್ಮ ಹೇಮಾವತಿಯ ತಾಯಿ. ಇಪ್ಪತ್ತೆರಡು ವರ್ಷವೂ ಎರಡನೆಯ ಸಾಲಿನಲ್ಲಿ ಬಗ್ಗಿದವಳು ಹಂಪವ್ವ.

ಇಬ್ಬರೂ ಒಂದೇ ವರ್ಷ ಒಂದೇ ಓಣಿಗೆ ಸೊಸೆಯಾಗಿ ಬಂದವರು. ಒಬ್ಬರ ಮನೆಯ ಉಪ್ಪಿನಕಾಯಿ ಇನ್ನೊಬ್ಬರ ಮನೆಯಲ್ಲಿ ಖಾಲಿಯಾಗುತ್ತಿತ್ತು. ಜನ ಅಕ್ಕತಂಗಿಯರೆಂದೇ ಅಂದುಕೊಂಡಿದ್ದರು. ಆದರೆ ಹುಲಗೆಮ್ಮ ಬಾಯಿ ತೆರೆದು ಮೊದಲ ನುಡಿ ಎತ್ತಿದಳೆಂದರೆ ಹಂಪವ್ವನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಎಲ್ಲಿಂದ ತರುತ್ತಾಳೆ ಇವಳು ಈ ಗಂಟಲನ್ನು? ತನಗೂ ಅದೇ ಹಾಡು ಬರುತ್ತದೆ, ಅವೇ ನುಡಿಗಳು ಬರುತ್ತವೆ. ಮನೆಯಲ್ಲಿ ಯಾರೂ ಇಲ್ಲದಾಗ ಎಮ್ಮೆ ಹಿಂಡುತ್ತ ಹಂಪವ್ವ ಹುಲಗೆಮ್ಮನ ಹಾಗೆಯೇ ಹಾಡಲು ನೋಡುತ್ತಿದ್ದಳು. ಎಲ್ಲಿ ಉಸಿರು ಎಳೆಯುತ್ತಾಳೆ, ಯಾವ ಅಕ್ಷರವನ್ನು ಎಳೆದು ಬಿಡುತ್ತಾಳೆ ಎಂಬುದನ್ನೆಲ್ಲ ಪಕ್ಕದಲ್ಲೇ ಬಗ್ಗಿ ಕದ್ದು ಕೇಳಿ ಕಲಿತಿದ್ದಳು. ಕಲಿತದ್ದೇನೋ ನಿಜ, ಮೆಚ್ಚಿದ್ದು ಮಾತ್ರ ಎಮ್ಮೆ ಒಂದೇ.

ಹೋದ ಬೇಸಿಗೆಯಲ್ಲಿ ಹುಲಗೆಮ್ಮನ ಹೊಟ್ಟೆಯಲ್ಲಿ ಗಂಟು ಎಂದರು. ಕೊಪ್ಪಳದ ಆಸ್ಪತ್ರೆಗೆ ಎಡತಾಕಿದ್ದಾಯಿತು, ಮೂರು ತಿಂಗಳಲ್ಲಿ ಹೋಗಿಬಿಟ್ಟಳು. ಹಂಪವ್ವ ಎದೆ ಬಡಿದುಕೊಂಡು ಅತ್ತಳು. ಆ ಅಳು ಸುಳ್ಳಲ್ಲ. ದಿನಕರ್ಮಕ್ಕೆ ಅಕ್ಕಿ ಆರಿಸುತ್ತ ಕುಳಿತಾಗ ಮಾತ್ರ, ಈ ಸಲ ಬದುವಿನ ಸಾಲು ಯಾರದು ಎಂಬ ಮಾತು ಅವಳ ತಲೆಗೆ ತಾನಾಗಿ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಆ ಮಾತು ಹೋಗಲಿಲ್ಲ.

ಮಳೆಗಾಲದ ನಾಟಿ ಶುರುವಾದಾಗ ಸಾಲು ಅವಳದೇ ಆಯಿತು. ಆರು ದಿನ. ಆರೇ ಆರು ದಿನ ಹಂಪವ್ವ ಬದುವಿನ ಪಕ್ಕದಲ್ಲಿ ಬಗ್ಗಿ ಹಾಡೆತ್ತಿದಳು, ಮೊದಲ ಲೋಟ ಚಹಾ ಕುಡಿದಳು. ಏಳನೆಯ ದಿನ ಹೇಮಾವತಿ ಈ ಡಬ್ಬಿ ತಂದಳು.

ಹೇಮಾವತಿಯ ಗಂಡ ಯಲಬುರ್ಗಾದವನು, ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ತಾಯಿಯ ಆರೈಕೆಗೆಂದು ತವರಿಗೆ ಬಂದವಳು ನಾಟಿ ಮುಗಿಸಿಕೊಂಡೇ ಬರುತ್ತೇನೆಂದು ಉಳಿದಿದ್ದಳು. ಹುಲಗೆಮ್ಮ ಬದುಕಿದ್ದಾಗ, ಬೆಳಗಿನ ಎಳೆಬಿಸಿಲಿಗೆ ಅಂಗಳದಲ್ಲಿ ಕೂರಿಸಿ, ದಿನಕ್ಕೊಂದರಂತೆ ಹನ್ನೊಂದು ಹಾಡುಗಳನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಫೋನು ಗದ್ದೆಗೆ ತಂದು ಕೆಸರಿಗೆ ಬಿದ್ದರೆ ಗತಿಯೇನು ಎಂದು ಅವಳ ಗಂಡ ಕೊಪ್ಪಳದಿಂದ ಈ ಡಬ್ಬಿ ತಂದುಕೊಟ್ಟಿದ್ದ. ಫೋನಿಗೆ ವೈರಿನಿಂದ ಜೋಡಿಸಿ ಸಿಂಕ್ ಎಂಬುದನ್ನು ಒತ್ತಿದರೆ ಹಾಡುಗಳ ನಕಲು ಡಬ್ಬಿಗೆ ಇಳಿಯುತ್ತಿತ್ತು. ಹೇಮಾವತಿ ಅದನ್ನು ಬದುವಿನ ಮೇಲೆ, ಸರಿಯಾಗಿ ಮೊದಲನೆಯ ಸಾಲಿನ ತಲೆಗೆ ಇಟ್ಟು ಗುಂಡಿ ಒತ್ತಿದಳು.

"ಎಳಿಸಸಿ ಹಚ್ಚೇನ ಏಳೆಂಟು ಸಾಲಿಟ್ಟು, ಬೆಳೆದಾಗ ಬಾರೋ ನನ ತಮ್ಮಾ..."

ಸತ್ತವಳು ಎದ್ದು ಬಂದು ಹಾಡಿದಳು. ಹೆಂಗಸರು ಕೆಸರಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಆಮೇಲೆ ಬಗ್ಗಿದರು, ಅವಳ ಹಿಂದೆಯೇ ನುಡಿ ಹಿಡಿದರು, ಕೈಗಳು ಸರಸರ ಓಡಿದವು. ಹಂಪವ್ವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಅವಳು ತೆರೆದ ಬಾಯಿ ಮುಚ್ಚಿಕೊಂಡಳು. ಬದುಕಿದ್ದಾಗಲೂ ಇವಳದೇ, ಸತ್ತ ಮೇಲೂ ಇವಳದೇ? ಮಣ್ಣಿಗೆ ಹೋದವಳು ಮಣ್ಣಿನಲ್ಲಿ ಸುಮ್ಮನಿರಬಾರದೇ? ಇದು ಯಾವ ನ್ಯಾಯ?

ಮೊದಲನೆಯ ಸಲ ಅಳಿಸಿದ್ದು ತಿಳಿಯದೆಯೇ ಆಯಿತು. ಊಟದ ಹೊತ್ತಿನಲ್ಲಿ ಎಲ್ಲರೂ ಕಾಲುವೆಗೆ ಕೈ ತೊಳೆಯಲು ಹೋಗಿದ್ದಾಗ, ಹಾಳಾದ್ದರ ದನಿಯನ್ನಾದರೂ ಅಡಗಿಸೋಣವೆಂದು ಡಬ್ಬಿಯನ್ನು ಸಿಟ್ಟಿನಿಂದ ಅದುಮಿ ಹಿಡಿದಳು. ಎರಡೂ ಬದಿಯ ಗುಂಡಿಗಳು ಒಟ್ಟಿಗೆ ಒತ್ತಿಕೊಂಡವು. ಒಂದು ಹಿಡಿ ಸಸಿ ಹಚ್ಚಿ ಮುಗಿಸುವಷ್ಟು ಹೊತ್ತಾದ ಮೇಲೆ ಕೆಂಪು ದೀಪ ಮೂರು ಸಲ ಮಿನುಗಿ ಆರಿತು. ಹಾಡು ಹೋಗಿತ್ತು. ಆ ಮಧ್ಯಾಹ್ನ ಹಾಡೆತ್ತಿದವಳು ಹಂಪವ್ವ. ಎರಡನೆಯ ಸಲ ಮಾತ್ರ ತಿಳಿದೇ ಒತ್ತಿದಳು. ಮೂರನೆಯ ಸಲ ಒತ್ತುವಾಗ ರೊಟ್ಟಿ ಕೂಡ ಕೆಳಗಿಡಲಿಲ್ಲ.

ಹೇಮಾವತಿ ಪ್ರತಿ ಸಂಜೆ ಫೋನಿನಿಂದ ಮತ್ತೆ ತುಂಬಿಸುತ್ತಿದ್ದಳು. ಹಾಗಾಗಿ ಹಂಪವ್ವನಿಗೆ ಪಾಪದ ಅಂಜಿಕೆಯೂ ಇರಲಿಲ್ಲ. ಹಾಡುಗಳು ಫೋನಿನಲ್ಲಿ ಭದ್ರವಾಗಿವೆ, ಹುಡುಗಿ ಮನೆಯಲ್ಲಿ ಕೂತು ಬೇಕಾದಷ್ಟು ಕೇಳಲಿ, ಗದ್ದೆಗೆ ಮಾತ್ರ ತರದಿರಲಿ. ತನ್ನದು ಇಷ್ಟೇ ಅಲ್ಲವೇ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಳು.

ಮೂರನೆಯ ಸಲದ ಮರುದಿನ ಹೇಮಾವತಿ ಕೆಲಸ ಬಿಟ್ಟು ಗಂಗಾವತಿಗೆ ಹೊರಟಳು. ಅಂಗಡಿಯವನು ಗುಟ್ಟು ಬಿಡಿಸಿಬಿಟ್ಟರೆ? ಹಂಪವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಒಬ್ಬಾಕಿನ ಎಲ್ಲಿ ಹೊಂಟಿ? ನನಗೂ ಬಳಿ ಇಡಿಸಿಕೊಳ್ಳೋದೈತಿ," ಎಂದು ತಾನೂ ಟಂಟಂ ಆಟೋ ಹತ್ತಿದಳು.

ಅಬ್ದುಲರೌಫನ ಮೊಬೈಲು ರಿಪೇರಿ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದೆ. ಅವನು ವೈರು ಬದಲಿಸಿ ನೋಡಿದ. ಡಬ್ಬಿ ಬಿಚ್ಚಿ ಒಳಗಿನ ಕೆಸರು ಕೆದರಿ ತೆಗೆದ. ಹನ್ನೊಂದು ಹಾಡು ತುಂಬಿಸಿ, ಬಂದ್ ಮಾಡಿ, ಚಾಲೂ ಮಾಡಿ, ಮತ್ತೆ ಬಂದ್ ಮಾಡಿ, ಮತ್ತೆ ಚಾಲೂ ಮಾಡಿದ. ಹಾಡುಗಳು ಇದ್ದಲ್ಲೇ ಇದ್ದವು. "ಇಲ್ಲೇ ಬಿಟ್ಟು ಸಂಜಿಕಡೆ ಬರ್ರಿ," ಎಂದ. ಸಂಜೆ ಬಂದಾಗಲೂ ಹನ್ನೊಂದೂ ಇದ್ದವು.

"ಇದಕ್ಕೇನೂ ಆಗಿಲ್ರಿ ಅಕ್ಕಾರ. ನನ್ನ ಕಡೆ ಸುಮ್ಮನ ಕುಂತಾವ, ನಿಮ್ಮ ಕಡೆ ಬಂದ್ರ ಹೋಗತಾವ ಅಂದ್ರ..." ಅಬ್ದುಲರೌಫ ಕನ್ನಡಕ ಮೇಲೇರಿಸಿದ. "ಗದ್ದ್ಯಾಗ ಇದನ್ನ ಯಾರ ಕೈಯಾಗ ಕೊಡತೀರಿ?"

ಹಂಪವ್ವ ಅಡ್ಡಬಾಯಿ ಹಾಕಿದಳು. ಬಾಯಿಗೆ ಏನು ಬಂತೋ ಅದನ್ನೇ ಆಡಿದಳು. "ಕೈಯಿಂದೇನೈತ್ರೀ ಸಾವಕಾರ್ರ, ಹಾಡಿನ ಗುಣಾನ ಹಂಗ! ಹೇಮಿ, ನಿನ್ನ ಯಲಬುರ್ಗಾಕ್ಕ ಕೊಟ್ಟಾಗ ಏನ ಮಾಡತಿದ್ದಿ ನೆನಪೈತಿಲ್ಲ? ವಾರಕ್ಕೊಮ್ಮಿ ತವರಿಗಿ ಓಡಿ ಬರತಿದ್ದಿ. ನಿಮ್ಮವ್ವ ಒಂದಿನ ಬಾಗಲ ಹಾಕಿ, ಒಳಗ ಕರೀದನ ಹೊಳ್ಳಿ ಕಳಿಸಿದ ಮ್ಯಾಲ ಗಂಡನ ಮನ್ಯಾಗ ನೆಟ್ಟಗ ಕುಂತಿ. ಇವಕ್ಕೂ ಫೋನು ಅನ್ನೋ ತವರೈತೆಲ್ಲ, ಅಲ್ಲಿಗೇ ಓಡತಾವ. ತವರಿನ ಬಾಗಲ ಹಾಕು, ಇಲ್ಲೇ ಬಾಳ್ವಿ ಮಾಡತಾವ."

ಅಬ್ದುಲರೌಫ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗೆಲ್ಲ ಇರೂದಿಲ್ಬೇ ಯವ್ವಾ," ಎಂದ. ನಗುತ್ತಲೇ ಹೇಮಾವತಿಗೆ, "ಫೋನಿನ್ಯಾಗಿಂದು ಮಾತ್ರ ಹುಷಾರಾಗಿ ಇಟ್ಕೊರಿ," ಎಂದೂ ಹೇಳಿದ. ಯಾರು ಮುಟ್ಟುತ್ತಾರೆ ಎಂಬ ಪ್ರಶ್ನೆ ನಗುವಿನಲ್ಲಿ ತೇಲಿಹೋಯಿತು. ಹಂಪವ್ವ ಬಳೆ ಇಡಿಸಿಕೊಳ್ಳುವುದನ್ನೂ ಮರೆತು ಊರಿಗೆ ಬಂದಳು.

ಆ ಮೇಲೆ ಮೂರು ದಿನ ಅವಳು ಡಬ್ಬಿಯ ಹತ್ತಿರ ಸುಳಿಯಲಿಲ್ಲ. ಅಂಗಡಿಯವನ ಮಾತಿನ ಅಂಜಿಕೆ ಇನ್ನೂ ಇತ್ತು. ಮೂರು ದಿನವೂ ಹುಲಗೆಮ್ಮ ಬೆಳಗಿನಿಂದ ಸಂಜೆಯವರೆಗೆ ಹಾಡಿದಳು. ಹೆಂಗಸರು ಹಿಗ್ಗಿದರು, ಹೇಮಾವತಿಯ ಮುಖ ಅರಳಿತು. ತಲೆನೋವೆಂದು ಹೇಳಿ ಹಂಪವ್ವ ಸಾಲಿನ ಇನ್ನೊಂದು ತುದಿಗೆ ಹೋಗಿ ಬಗ್ಗಿದಳು. ಹೋದರೇನಾಯಿತು, ಆ ದನಿ ಅಲ್ಲಿಗೂ ಬರುತ್ತಿತ್ತು. ಬೇಡವೆಂದರೂ ಒಂದೊಂದು ಉಸಿರೂ ಕಿವಿಗೆ ಬೀಳುತ್ತಿತ್ತು.

ನಾಲ್ಕನೆಯ ದಿನ ಚಹಾ ಬಂತು. ರೇಣುಕಮ್ಮ ಮೊದಲ ಲೋಟವನ್ನು ತೆಗೆದು, ಯಾರಿಗೂ ಕೊಡದೆ, ಬದುವಿನ ಮೇಲೆ ಡಬ್ಬಿಯ ಮುಂದೆ ಇಟ್ಟಳು.

"ಇದು ನಮ್ಮ ಹುಲಗೆಮ್ಮಂದು. ಸತ್ರೂ ನಮ್ಮ್ಯಾಗ ಆಕಿಹಂಗ ಹಾಡವರು ಯಾರದಾರ ಹೇಳ್ರಿ," ಎಂದಳು.

ಎಲ್ಲರೂ ಹೌದೆಂದರು. ಹಂಪವ್ವ ಎರಡನೆಯ ಲೋಟ ಹಿಡಿದು ನಿಂತಿದ್ದಳು. ಡಬ್ಬಿಗೆ ಚಹಾ! ಬಾಯಿಲ್ಲದ್ದಕ್ಕೆ ಚಹಾ, ಗಂಟಲು ಹರಿದುಕೊಳ್ಳುವವಳಿಗೆ ಉಳಿದದ್ದು! ಹೆಂಗಸರು ಸಸಿಯ ಕಟ್ಟು ಹೊರಲು ಸಸಿಮಡಿಯ ಕಡೆ ಹೋದರು. ಹಂಪವ್ವ ಬಗ್ಗಿ ಡಬ್ಬಿ ಎತ್ತಿಕೊಂಡಳು. ಎರಡೂ ಬದಿಯ ಗುಂಡಿಗಳನ್ನು ಅದುಮಿ ಹಿಡಿದಳು. ಕೆಂಪು ದೀಪ ಮೂರು ಸಲ ಮಿನುಗಿತು.

ಹೇಮಾವತಿ ಬಂದು ನೋಡಿದಳು. ಈ ಸಲ ಅವಳು ಡಬ್ಬಿಯನ್ನು ಕೊಡವಲಿಲ್ಲ, ಒರೆಸಲಿಲ್ಲ. ತಲೆಯ ಮೇಲಿನ ಸಸಿಯ ಕಟ್ಟು ಜಾರಿ ಬಿತ್ತು. ಇದ್ದಲ್ಲೇ ಕೆಸರಿನಲ್ಲಿ ಕುಸಿದು ಕುಳಿತಳು.

"ಏಳವಾ, ಸಂಜಿಗಿ ಮತ್ತ ತುಂಬಿಸಿದ್ರಾತು," ಎಂದಳು ಹಂಪವ್ವ.

"ಎಲ್ಲಿಂದ ತುಂಬಿಸಲಿ ಚಿಗವ್ವ? ಫೋನಿನ್ಯಾಗ ಇಲ್ಲ."

"ಇಲ್ಲಂದ್ರ?"

"ನೀನ ಹೇಳಿದ್ದೆಲ್ಲ, ತವರಿನ ಬಾಗಲ ಹಾಕು ಅಂತ. ಅಂಗಡ್ಯಾಂವ ಬ್ಯಾಡಂದಿದ್ದ. ಆದ್ರ ನಮ್ಮವ್ವ ನನಗ ಹಂಗ ಮಾಡಿದ್ದು ಖರೇ ಇತ್ತು, ನಾ ನೆಟ್ಟಗ ಬಾಳ್ವಿ ಮಾಡಿದ್ದೂ ಖರೇ ಇತ್ತು. ಆವತ್ತ ಸಂಜಿಕಿನ ಫೋನಿನ್ಯಾಗಿಂದೆಲ್ಲ ಅಳಿಸಿಬಿಟ್ಟೆ. ಫೋನಿನ ಕಸದ ಬುಟ್ಟ್ಯಾಗಿಂದೂ ಅಳಿಸಿದೆ. ಮೂರು ದಿನ ಹೋಗಲಿಲ್ಲ, ನೋಡು, ಚಿಗವ್ವ ಹೇಳಿದ್ದು ಖರೇ ಆತು ಅಂತ ಹಿಗ್ಗಿದ್ದೆ." ಅವಳು ಕೆಸರಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಯಾರಿಗೂ ಕಳಿಸಿದ್ದಿಲ್ಲ. ಯಾರರ ಸ್ಟೇಟಸ್ಸಿಗೆ ಹಾಕ್ಯಾರು ಅಂತ ಕಳಿಸಿದ್ದಿಲ್ಲ. ನಮ್ಮವ್ವನ ದನಿ ಅದೊಂದ ಇತ್ತು."

ಹಂಪವ್ವ ಬಗ್ಗಿ, ಜಾರಿ ಬಿದ್ದ ಕಟ್ಟಿನ ಸಸಿಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಅಬ್ದುಲರೌಫನಲ್ಲಿಗೆ ಮತ್ತೆ ಹೋದರು. ಅವನು ಎರಡು ದಿನ ಫೋನನ್ನೂ ಡಬ್ಬಿಯನ್ನೂ ಕಂಪ್ಯೂಟರಿಗೆ ಹಚ್ಚಿ ಕುಳಿತ. ಏನೂ ಸಿಗಲಿಲ್ಲ. "ನಾ ಹೇಳಿದ್ದೆನಲ್ರೀ," ಎಂದಷ್ಟೇ ಅಂದ, ಕೂಲಿಯನ್ನೂ ಕೇಳಲಿಲ್ಲ.

ಗದ್ದೆಯಲ್ಲಿ ಮೊದಲ ದಿನ ಯಾರೂ ಹಾಡಲಿಲ್ಲ. ಎರಡನೆಯ ದಿನ ರೇಣುಕಮ್ಮನೇ, "ಹಿಂಗ ಮೂಕರಂಗ ಬಗ್ಗಿದ್ರ ನಡ ಹಿಡಕೋತಾವವಾ. ಹಂಪಕ್ಕ, ನೀ ಎತ್ತು," ಎಂದಳು. ಎಲ್ಲರೂ ಅವಳ ಕಡೆ ತಿರುಗಿದರು. ಬದುವಿನ ಸಾಲು ಖಾಲಿ ಇತ್ತು. ಇಪ್ಪತ್ತೆರಡು ವರ್ಷ ಬಯಸಿದ್ದು ಇದೇ ಅಲ್ಲವೇ? ಡಬ್ಬಿ ಇಲ್ಲ, ಹುಲಗೆಮ್ಮ ಇಲ್ಲ, ಅಡ್ಡ ಬರುವವರು ಯಾರೂ ಇಲ್ಲ. ಹಂಪವ್ವ ಹೋಗಿ ನಿಂತಳು, ಬಗ್ಗಿದಳು, ಬಾಯಿ ತೆರೆದಳು. ಮೊದಲ ನುಡಿಯ ಕೊನೆಯಲ್ಲಿ, ಹುಲಗೆಮ್ಮ ಉಸಿರು ಎಳೆಯುತ್ತಿದ್ದ ಜಾಗದಲ್ಲಿ, ಗಂಟಲು ನಿಂತುಬಿಟ್ಟಿತು. ಸಾಲಿನ ಆ ತುದಿಯಲ್ಲಿ ಹೇಮಾವತಿ ತಲೆ ಎತ್ತದೆ ಸಸಿ ಹಚ್ಚುತ್ತಿದ್ದಳು.

"ನೆಗಡಿ ಆಗೈತಿ," ಎಂದಳು ಹಂಪವ್ವ.

ಮರುದಿನ ಅಮಾವಾಸ್ಯೆ, ಕೆಲಸಕ್ಕೆ ರಜೆ. ಹಂಪವ್ವ ಎಮ್ಮೆ ಹಿಂಡಿದವಳೇ ಚರಿಗೆಯನ್ನು ಹಾಗೇ ಬಿಟ್ಟು ಹೇಮಾವತಿಯ ಮನೆಗೆ ನಡೆದಳು. ಹೇಮಾವತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೋಳಿಗಳು ಮೊರದ ಸುತ್ತ ತಿರುಗುತ್ತಿದ್ದವು.

"ಆ ಡಬ್ಬಿ ಕೊಡಿಲ್ಲಿ. ಅದ್ರಾಗ ನಮ್ಮ ದನಿ ಹಿಡೀತೈತಂತ ಅಂದಿದ್ದಿ, ಅದ್ಯಾವ ಗುಂಡಿ?"

"ಯಾಕ ಚಿಗವ್ವ?"

"ಯಾಕಂತ ಕೇಳಬ್ಯಾಡ. ಒತ್ತು."

ಹೇಮಾವತಿ ಒತ್ತಿದಳು. ಹಂಪವ್ವ ಗೋಡೆಗೆ ಒರಗಿ, ಹುಲಗೆಮ್ಮ ಕಡೆಯ ದಿನಗಳಲ್ಲಿ ಕೂರುತ್ತಿದ್ದ ಜಾಗದಲ್ಲೇ ಕುಳಿತು, ಕಣ್ಣು ಮುಚ್ಚಿ ಹಾಡಿದಳು. ಎಳೆಸಸಿಯ ಹಾಡು ಮೊದಲು. ಅದು ಮುಗಿಯಿತು, ಎರಡನೆಯದು. ಮೂರನೆಯದು. ಯಾವುದರ ಹಿಂದೆ ಯಾವುದು ಎಂದು ಕೇಳಬೇಕಾಗಲೇ ಇಲ್ಲ. ಹುಲಗೆಮ್ಮ ಎಲ್ಲಿ ಎಳೆಯುತ್ತಿದ್ದಳೋ ಅಲ್ಲಿ ಎಳೆದಳು. ಕಾಯಿಲೆಯ ಸುಸ್ತಿಗೆ ಎಲ್ಲಿ ನುಡಿ ನುಂಗುತ್ತಿದ್ದಳೋ ಅಲ್ಲಿ ನುಂಗಿದಳು. ಹೊಟ್ಟೆಕಿಚ್ಚು ಏನನ್ನೂ ಮರೆತಿರಲಿಲ್ಲ. ನಾಲ್ಕನೆಯ ಹಾಡಿನ ನಡುವೆ ಎರಡು ಸಲ ಕೆಮ್ಮಿದಳು. ಕೆಮ್ಮಿ, ದನಿ ಬದಲಿಸಿ, "ಏ ಹೇಮಿ, ಕೋಳಿ ಕಾಳು ತಿಂತಾವ ನೋಡ, ಹೊಡಿಯ ಅವನ್ನ!" ಎಂದಳು. ಆಮೇಲೆ ಬಿಟ್ಟ ಅಕ್ಷರದಿಂದಲೇ ಹಾಡು ಮುಂದುವರಿಸಿದಳು.

ಹೇಮಾವತಿಯ ಕೈಯಲ್ಲಿದ್ದ ಮೊರ ನಿಂತಿತು. ಕೋಳಿಗಳು ನಿಜವಾಗಿಯೂ ಕಾಳು ತಿನ್ನುತ್ತಿದ್ದವು, ಅವಳು ಅವನ್ನು ಓಡಿಸಲಿಲ್ಲ. ಹನ್ನೊಂದನೆಯ ಹಾಡು ಮುಗಿಯುವವರೆಗೂ ಕಾದಳು. ಮುಗಿದ ಮೇಲೆ ಗುಂಡಿ ಒತ್ತಿ ನಿಲ್ಲಿಸಿದಳು.

"ಚಿಗವ್ವ, ಅವ್ವ ಹಾಡು ಬಿಟ್ಟು ಕೋಳಿ ಅಂದದ್ದು ನಾ ಹಿಡಿದಿಟ್ಟದ್ರಾಗ ಮಾತ್ರ ಇತ್ತು. ನಿನಗ ತಲಿನೋವು ಅಂತ ನೀ ಆ ಮೂರು ದಿನಾನೂ ಆ ತುದಿಗೆ ಹೋಗತಿದ್ದಿ."

"ಹೋಗತಿದ್ನಿ."

"ಮತ್ತ ಎಷ್ಟ ಸಲ ಕೆಮ್ಮಿದ್ಲು ಅನ್ನೋದು ಸುದ್ದಾ ಹೆಂಗ ಗೊತ್ತು? ಇಷ್ಟು ಕಿವಿಗೊಟ್ಟು ಕೇಳಿದಾಕಿ, ಕೇಳಂಗಿಲ್ಲ ಅಂತ ಯಾಕಂದಿ?"

ಹಂಪವ್ವ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಎರಡು ಬೆರಳುಗಳನ್ನು ಎರಡೂ ಬದಿಯ ಗುಂಡಿಗಳ ಮೇಲೆ ಇಟ್ಟಳು. "ಹಿಂಗ ಹಿಡಿದು, ಒಂದು ಹಿಡಿ ಸಸಿ ಹಚ್ಚುವಷ್ಟೊತ್ತು ಬಿಡದಂಗ ಒತ್ತಿದ್ರ..."

"ಒತ್ತಬ್ಯಾಡ!" ಹೇಮಾವತಿ ಚೀರಿ ಡಬ್ಬಿ ಕಸಿದುಕೊಂಡಳು. ಮೊರದ ಜೋಳ ಅಂಗಳದ ತುಂಬ ಚೆಲ್ಲಿತು. ಡಬ್ಬಿಯನ್ನು ಎದೆಗೆ ಅವಚಿಕೊಂಡು ಹಿಂದಕ್ಕೆ ಸರಿದ ಮೇಲೆ ಅವಳಿಗೆ ಅರ್ಥವಾಯಿತು. "ನೀನ? ನಾಕೂ ಸಲ?"

"ನಾನ."

"ಯಾಕ?"

"ಹೊಟ್ಟಿಕಿಚ್ಚು."

"ಸತ್ತಾಕಿ ಮ್ಯಾಲ?"

"ಹೂಂನವಾ. ಸತ್ತಾಕಿ ಮ್ಯಾಲ. ಫೋನಿನ್ಯಾಗ ಅದಾವಲ್ಲ ಅಂದುಕೊಂಡಿದ್ನಿ ಯವ್ವಾ, ನೀ ಅಳಿಸೀಯಂತ ನನಗ ಗೊತ್ತಿದ್ದಿಲ್ಲ. ಹುಲಗಿ ಆಣೆ ಮಾಡಿ ಹೇಳತೀನಿ, ಗೊತ್ತಿದ್ದಿಲ್ಲ."

"ಅವ್ವನ ಆಣೆ ಮಾಡಬ್ಯಾಡ ನೀ," ಎಂದಳು ಹೇಮಾವತಿ. "ಮನಿಗಿ ನಡಿ."

ಹಂಪವ್ವ ಎದ್ದು ಬಂದಳು. ನಾಲ್ಕು ದಿನ ಹೇಮಾವತಿ ಅವಳ ಮುಖ ನೋಡಲಿಲ್ಲ. ಆದರೆ ಗುಂಪಿನಲ್ಲಿ ಯಾರಿಗೂ ಹೇಳಲೂ ಇಲ್ಲ. ಹೇಳಿಬಿಟ್ಟಿದ್ದರೆ ಬೈಸಿಕೊಂಡು ಹಗುರವಾಗಬಹುದಿತ್ತು, ಅದೂ ಇಲ್ಲವಾಯಿತು. ಟಂಟಂನಲ್ಲಿ ಹೆಂಗಸರು ಡಬ್ಬಿಯನ್ನು ಬೈಯುತ್ತಿದ್ದರು, ಮಾಡಿದ ಕಂಪನಿಯನ್ನು ಬೈಯುತ್ತಿದ್ದರು. ಹಂಪವ್ವ ತಲೆ ತಗ್ಗಿಸಿ ಕೂರುತ್ತಿದ್ದಳು.

ಐದನೆಯ ದಿನ ಹೇಮಾವತಿ ಡಬ್ಬಿಯನ್ನು ಗದ್ದೆಗೆ ತಂದಳು. ಬದುವಿನ ಮೇಲೆ, ಹಳೆಯ ಜಾಗದಲ್ಲಿ ಇಟ್ಟು ಗುಂಡಿ ಒತ್ತಿದಳು. ಎಳೆಸಸಿಯ ಹಾಡು ಬಂತು. ಹಾಡು ಹುಲಗೆಮ್ಮನದು, ದನಿ ಹಂಪವ್ವನದು.

"ಅಯ್ಯ ಶಿವನ, ನಮ್ಮ ಹಂಪಕ್ಕ!" ದ್ರಾಕ್ಷಾಯಿಣಿ ಬಗ್ಗಿದವಳು ನೆಟ್ಟಗಾದಳು. ಹೆಂಗಸರು ನಕ್ಕರು, ನುಡಿ ಹಿಡಿದರು. ಎರಡು ಹಾಡು ಮುಗಿದವು, ಮೂರು ಮುಗಿದವು. ನಾಲ್ಕನೆಯದರಲ್ಲಿ ಕೋಳಿಯ ಮಾತು ಬಂದಾಗ ಗದ್ದೆಗೆ ಗದ್ದೆಯೇ ಗೊಳ್ಳೆಂದು ನಕ್ಕಿತು. ಹೇಮಾವತಿ ನಗಲಿಲ್ಲ.

ರೇಣುಕಮ್ಮ ನಡ ಹಿಡಿದುಕೊಂಡು ಎದ್ದು ನಿಂತಳು. "ಛಲೋ ಹಾಡ್ಯಾಳವಾ, ಇಲ್ಲ ಅನ್ನಂಗಿಲ್ಲ. ಆದ್ರ ಇವೂ ಎಷ್ಟ ದಿನ ಇದ್ದಾವು? ಆ ಡಬ್ಬಿ ಏನೂ ಉಳಿಸಿಕೊಳ್ಳೋದಲ್ಲ, ಕೆಟ್ಟ ಡಬ್ಬಿ ಅದು."

ಯಾರೂ ಹಂಪವ್ವನನ್ನು ಕೇಳಿರಲಿಲ್ಲ. ಸುಮ್ಮನೆ ಬಗ್ಗಿಕೊಂಡೇ ಇದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬದುವಿನ ಸಾಲು ಅವಳ ಕಾಲ ಕೆಳಗೇ ಇತ್ತು. ಹಂಪವ್ವ ಕೈಯಲ್ಲಿದ್ದ ಸಸಿಯನ್ನು ನೀರಿಗೆ ಬಿಟ್ಟು ಎದ್ದಳು.

"ಡಬ್ಬಿ ಕೆಟ್ಟಿಲ್ಲ ರೇಣುಕಾ. ನಾನ ಅಳಿಸಿದ್ದು. ನಾಕು ಸಲಾನೂ ನಾನ."

ಡಬ್ಬಿಯೊಂದೇ ಹಾಡುತ್ತಿತ್ತು. ಹೆಂಗಸರು ಅವಳನ್ನೇ ನೋಡಿದರು.

"ಹುಲಗೆಮ್ಮ ನನಗಿಂತ ಛಲೋ ಹಾಡತಿದ್ಲು," ಎಂದಳು ಹಂಪವ್ವ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಭಾಳ ಛಲೋ ಹಾಡತಿದ್ಲು. ಅದು ನನಗ ತಡಕೊಳ್ಳಾಕ ಆಗಲಿಲ್ಲ. ಈಗೂ ಆಗವಲ್ದು."

ಹಂಪವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಬದುವಿನ ಸಾಲಿನಿಂದ ಕಾಲು ಕಿತ್ತು, ಒಂದು ಸಾಲು ಎಡಕ್ಕೆ ಸರಿದು, ತನ್ನ ಹಳೆಯ ಜಾಗದಲ್ಲಿ ಬಗ್ಗಿದಳು. ಯಾರಾದರೂ ಬೈಯಲಿ ಎಂದು ಕಾದಳು. ಕೆಸರಿನಲ್ಲಿ ಯಾರೋ ಕಾಲೆಳೆದುಕೊಂಡು ಬರುವ ಸಪ್ಪಳವಾಯಿತು. ಹೇಮಾವತಿ ಸಾಲಿನ ಆ ತುದಿಯಿಂದ ಎಲ್ಲರ ಹಿಂದೆ ನಡೆದು ಬಂದು ಬದುವಿನ ಸಾಲಿಗೆ ನಿಂತಳು. ತಾಯಿಯ ಜಾಗ. ಒಂದು ಕಟ್ಟು ಸಸಿಯನ್ನು ಹಂಪವ್ವನ ಕೈಯಳತೆಗೆ ಎಸೆದಳು. ಮುಖ ನೋಡಲಿಲ್ಲ.

"ನನಗ ಹಾಡಾಕ ಬರೂದಿಲ್ಲ," ಎಂದಳು. "ಅವ್ವ ಎಲ್ಲಿ ಉಸಿರ ಎಳೀತಿದ್ಲು, ಹೇಳು."

ಹಂಪವ್ವ ಹೇಳತೊಡಗಿದಳು.